ಮುರಿಯದಿರುವುದಷ್ಟೇ ಬಲವಲ್ಲ

2024ರ ಆಗಸ್ಟ್ 10ರ ರಾತ್ರಿ ಹೊಸಪೇಟೆಯ ಬಳಿಯ ತುಂಗಭದ್ರಾ ಅಣೆಕಟ್ಟೆಯಲ್ಲಿ 19ನೆಯ ಕ್ರಸ್ಟ್‌ಗೇಟಿನ ಸರಪಳಿ ತುಂಡಾಯಿತು. ಗೇಟು ನೀರಿನ ರಭಸಕ್ಕೆ ಕಳಚಿ ಕೊಚ್ಚಿಕೊಂಡು ಹೋಯಿತು. ಸುಮಾರು 105 ಟಿಎಂಸಿ ನೀರು ನಿಲ್ಲುವ ಜಲಾಶಯ ಆ ಹೊತ್ತಿಗೆ ತುಂಬಿ ನಿಂತಿತ್ತು. 1953ರಲ್ಲಿ ಪೂರ್ಣಗೊಂಡ ಆ ಮಹಾಗೋಡೆಗೆ ಏನೂ ಆಗಿರಲಿಲ್ಲ; ಉಳಿದ 32 ಗೇಟುಗಳೂ ತಮ್ಮ ತಮ್ಮ ಸ್ಥಾನದಲ್ಲಿಯೇ ಇದ್ದವು. ಕೆಟ್ಟದ್ದು ಒಂದು ಸರಪಳಿ ಮಾತ್ರ. ಆದರೆ ಆ ಒಂದು ಗೇಟಿನ ಜಾಗಕ್ಕೆ ಕೂಡಲೇ ಇಳಿಸಬಹುದಾದ ಬದಲಿ ತಡೆ ಸಿದ್ಧವಿರಲಿಲ್ಲ. ಒತ್ತಡ ತಗ್ಗಿಸಲು ಬೇರೆ ಗೇಟುಗಳನ್ನೂ ತೆರೆಯಬೇಕಾಯಿತು. ಬಯಲುಸೀಮೆಯ ರೈತರ ಬೆಳೆಗೆಂದು ಕೂಡಿಟ್ಟ ನೀರು ಹಗಲಿರುಳೆನ್ನದೆ ನದಿಯ ಪಾಲಾಯಿತು.

ತಂತ್ರಜ್ಞರು ಹರಿಯುವ ನೀರಿನಲ್ಲಿಯೇ ಉಕ್ಕಿನ ಸ್ಟಾಪ್‌ಲಾಗ್ ಹಲಗೆಗಳನ್ನು ಒಂದರ ಮೇಲೊಂದರಂತೆ ಇಳಿಸಿ, ಸುಮಾರು ಒಂದು ವಾರದಲ್ಲಿ ಆ ಬಾಯಿಯನ್ನು ಮುಚ್ಚಿದರು. ಅದು ಸಾಮಾನ್ಯ ಸಾಹಸವಲ್ಲ. ಆನಂತರದ ವಾರಗಳಲ್ಲಿ ತುಂಗೆ, ಭದ್ರೆಯರ ಜಲಾನಯನದಲ್ಲಿ ಸುರಿದ ಮಳೆ ಜಲಾಶಯವನ್ನು ಮತ್ತೆ ತುಂಬಿಸಿ ರೈತರ ಆತಂಕವನ್ನು ಕಡಿಮೆ ಮಾಡಿತು. ಆದರೂ ಮರುವರ್ಷ, 2025ರ ಮಳೆಗಾಲದಲ್ಲಿ, ಹಳೆಯ ಗೇಟುಗಳ ಮೇಲೆ ಭಾರ ಹಾಕುವ ಧೈರ್ಯ ಸಾಲದೆ ನೀರಿನ ಸಂಗ್ರಹವನ್ನು 80 ಟಿಎಂಸಿಗೆ ಮಿತಿಗೊಳಿಸಲಾಯಿತು. ಅದೇ ಜಲಾಶಯ ಆರಂಭದಲ್ಲಿ ಸುಮಾರು 133 ಟಿಎಂಸಿ ನೀರನ್ನು ಹಿಡಿಯುತ್ತಿತ್ತು. ಇಳಿದುಹೋದ ಸಾಮರ್ಥ್ಯವನ್ನು ನುಂಗಿದ್ದು ಹೂಳು. ಆ ಹೂಳಿನಲ್ಲಿ ಮೇಲಿನ ಗುಡ್ಡಗಳಿಂದ ಕೊಚ್ಚಿಹೋದ ಮಣ್ಣಿನ ಪಾಲೂ ಇದೆ.

ಈ ಘಟನೆಯನ್ನು ನಿರ್ವಹಣೆಯ ಲೋಪವೆಂದು ಬರೆದು ಕಡತ ಮುಚ್ಚುವುದು ಸುಲಭ. ಆದರೆ ಅದು ಎತ್ತುವ ಪ್ರಶ್ನೆ ಅಣೆಕಟ್ಟೆಗಳಿಗಷ್ಟೇ ಸೀಮಿತವಾದುದಲ್ಲ. ಯಾವುದೇ ವ್ಯವಸ್ಥೆಯನ್ನು ಕಟ್ಟುವಾಗ ‘ಇದು ಎಷ್ಟು ಗಟ್ಟಿ?’ ಎಂದು ಕೇಳುವುದು ರೂಢಿ. ‘ಇದರ ಒಂದು ಭಾಗ ಕೆಟ್ಟರೆ ಉಳಿದುದರ ಗತಿಯೇನು?’ ಎಂದು ಕೇಳುವುದು ಅಪರೂಪ. ಮಲೆನಾಡಿನ ರಸ್ತೆ, ತೋಟ, ಕಾಡು, ಕುಡಿಯುವ ನೀರು, ಬಿತ್ತನೆ ಬೀಜ ಎಲ್ಲಕ್ಕೂ ಈ ಎರಡನೆಯ ಪ್ರಶ್ನೆಯನ್ನು ಕೇಳಬೇಕಾದ ಕಾಲ ಬಂದಿದೆ.

ಪೆಟ್ಟು ತಿಂದ ಮೇಲೂ ತನ್ನ ಸ್ವರೂಪವನ್ನು ಕಳೆದುಕೊಳ್ಳದೆ ಉಳಿಯುವ ಗುಣವನ್ನು ವಿಜ್ಞಾನಿಗಳು ‘ರೆಸಿಲಿಯನ್ಸ್’ ಎನ್ನುತ್ತಾರೆ. ತಾಳಿಕೆ ಎಂದರೆ ಅದರ ಅರ್ಧ ಅರ್ಥ ಮಾತ್ರ ಬರುತ್ತದೆ. ಚೇತರಿಕೆ ಎಂಬುದು ಉಳಿದರ್ಧ. ಕೆನಡಾದ ಪರಿಸರ ವಿಜ್ಞಾನಿ ಸಿ. ಎಸ್. ಹಾಲಿಂಗ್ 1973ರಲ್ಲಿ ಪ್ರಕಟಿಸಿದ ಪ್ರಬಂಧವೊಂದರಲ್ಲಿ ಈ ಗುಣವನ್ನು ಸ್ಥಿರತೆಯಿಂದ ಬೇರ್ಪಡಿಸಿ ತೋರಿಸಿದರು. 1996ರಲ್ಲಿ ಅವರೇ ಇನ್ನೊಂದು ಹೆಜ್ಜೆ ಮುಂದೆ ಹೋಗಿ ಎಂಜಿನಿಯರರ ಚೇತರಿಕೆ ಬೇರೆ, ನಿಸರ್ಗದ ಚೇತರಿಕೆ ಬೇರೆ ಎಂದು ವಿಂಗಡಿಸಿದರು. ಎಂಜಿನಿಯರರ ಲೆಕ್ಕದಲ್ಲಿ ಒಂದು ವ್ಯವಸ್ಥೆಗೆ ಒಂದೇ ಸರಿಯಾದ ಸ್ಥಿತಿ ಇರುತ್ತದೆ. ಅಲುಗಾಡಿದ ಮೇಲೆ ಅದು ಎಷ್ಟು ಬೇಗ ಅದೇ ಸ್ಥಿತಿಗೆ ಮರಳುತ್ತದೆ ಎಂಬುದೇ ಅಳತೆ. ಗಾಳಿಗೆ ತೂಗಿದ ಸೇತುವೆ ಮತ್ತೆ ನೆಟ್ಟಗೆ ನಿಲ್ಲಬೇಕು, ಏರುಪೇರಾದ ವೋಲ್ಟೇಜು ಕ್ಷಣದಲ್ಲಿ ಸರಿಹೋಗಬೇಕು. ನಿಸರ್ಗದಲ್ಲಿ ಅಂಥ ಏಕೈಕ ಸ್ಥಿತಿ ಇರುವುದಿಲ್ಲ. ಅಲ್ಲಿ ಅಳೆಯಬೇಕಾದುದು, ಎಷ್ಟು ಪೆಟ್ಟು ಬೀಳುವವರೆಗೆ ಕಾಡು ಕಾಡಾಗಿಯೇ ಉಳಿದೀತು, ಯಾವ ಗೆರೆ ದಾಟಿದರೆ ಬೇರೆಯೇ ಏನೋ ಆದೀತು ಎಂಬುದನ್ನು.

ಆ ಗೆರೆ ದಾಟಿದ ಜಾಗಗಳು ಮಲೆನಾಡಿಗರ ಕಣ್ಣೆದುರೇ ಇವೆ. ನಿತ್ಯಹರಿದ್ವರ್ಣದ ಕಾನಿನಲ್ಲಿ ನಾಲ್ಕಾರು ಮರ ಬಿದ್ದರೆ ಅದರ ಬುಡದಲ್ಲಿದ್ದ ಸಸಿಗಳು ಬೆಳಕು ಕಂಡು ಮೇಲೇಳುತ್ತವೆ, ಕಾನು ಉಳಿಯುತ್ತದೆ. ಅದೇ ಕಾನನ್ನು ಮತ್ತೆ ಮತ್ತೆ ಕಡಿದು, ವರ್ಷವರ್ಷವೂ ಬೆಂಕಿ ಹಾಯಿಸಿದರೆ ಎಲೆಯುದುರುವ ಕಾಡಾಗಿ, ಕುರುಚಲಾಗಿ, ಕೊನೆಗೆ ಮೇಲ್ಮಣ್ಣು ತೊಳೆದು ಜಂಬಿಟ್ಟಿಗೆಯ ಬೋಳುಗುಡ್ಡವಾಗುತ್ತದೆ. ಬೋಳುಗುಡ್ಡವೂ ತನ್ನ ಮಟ್ಟಿಗೆ ಸ್ಥಿರವೇ. ಕೊಡಲಿಯನ್ನೂ ಬೆಂಕಿಯನ್ನೂ ನಿಲ್ಲಿಸಿದ ಮಾತ್ರಕ್ಕೆ ಅದು ಹಿಂದಿನ ಕಾನಾಗಿ ತಿರುಗುವುದಿಲ್ಲ. ಹಿಡಿದಿಡುವ ಮಣ್ಣೂ ಇಲ್ಲ, ನೆರಳಲ್ಲಿ ಮೊಳೆಯುವ ಬೀಜವೂ ಇಲ್ಲ. ಹಾಳಾಗಲು ಒಂದು ತಲೆಮಾರು ಸಾಕು. ಮರಳಲು ಹಲವು ತಲೆಮಾರು ಬೇಕು.

ಹಾಲಿಂಗ್ ಕೊಟ್ಟ ಉದಾಹರಣೆಯೊಂದು ಕೃಷಿಕರಿಗೆ ವಿಶೇಷವಾಗಿ ಮನವರಿಕೆಯಾಗುವಂಥದು. ಪೂರ್ವ ಕೆನಡಾದ ಸ್ಪ್ರೂಸ್ ಮತ್ತು ಫರ್ ಮರಗಳ ಕಾಡಿನಲ್ಲಿ ಮೊಗ್ಗು ತಿನ್ನುವ ಹುಳುವೊಂದು ಹಲವು ದಶಕಗಳಿಗೊಮ್ಮೆ ದಂಡೆತ್ತಿ ಬರುತ್ತದೆ. ಮುದಿಯಾದ ಫರ್ ಮರಗಳು ಸಾಯುತ್ತವೆ. ಎಳೆಯ ಮರಗಳು ಮೇಲೇಳುತ್ತವೆ. ಆಹಾರ ಮುಗಿದ ಹುಳು ಮತ್ತೆ ಕಣ್ಮರೆಯಾಗುತ್ತದೆ. ಈ ಏರಿಳಿತದಿಂದಲೇ ಆ ಕಾಡು ಉಳಿದುಬಂದಿತ್ತು. ಮರಮುಟ್ಟಿನ ಉದ್ಯಮಕ್ಕೆ ಏರಿಳಿತ ಸಹ್ಯವಾಗಲಿಲ್ಲ. 1950ರ ದಶಕದಿಂದ ವಿಮಾನಗಳ ಮೂಲಕ ಕೀಟನಾಶಕ ಸುರಿಯಲಾಯಿತು. ಎಲೆಗಳು ಉಳಿದವು. ಎಲೆಗಳು ಉಳಿದುದರಿಂದಲೇ ಹುಳುವಿನ ಆಹಾರವೂ ಉಳಿಯಿತು. ಸಿಂಪಡಣೆ ನಿಂತರೆ ಹುಳು ಎಲ್ಲೆಡೆ ಏಕಕಾಲಕ್ಕೆ ಏಳುವ ಸ್ಥಿತಿಯಲ್ಲಿ ಕಾಡು ವರ್ಷಾನುಗಟ್ಟಲೆ ನಿಲ್ಲಬೇಕಾಯಿತು. ಸಣ್ಣ ತೊಂದರೆಗಳನ್ನೆಲ್ಲ ಒತ್ತಾಯದಿಂದ ಅಳಿಸಿಹಾಕಿದ ವ್ಯವಸ್ಥೆ ದೊಡ್ಡ ತೊಂದರೆಯ ಬಾಗಿಲಲ್ಲಿ ಕುಳಿತಿರುತ್ತದೆ ಎಂಬ ಪಾಠ ಅಲ್ಲಿದೆ.

ಹಾಗೆಂದು ಎಂಜಿನಿಯರರನ್ನು ಹಳಿದು ನಿಸರ್ಗವನ್ನು ಹೊಗಳಿದರೆ ಕೆಲಸ ಮುಗಿಯಲಿಲ್ಲ. ಒಳ್ಳೆಯ ಎಂಜಿನಿಯರರಿಗೆ ಈ ಮರ್ಮ ಗೊತ್ತಿಲ್ಲದೆಯೂ ಇಲ್ಲ. ಮನೆಯ ಫ್ಯೂಜು ತಾನು ಸುಟ್ಟುಹೋಗಿ ಮನೆಯನ್ನು ಉಳಿಸುತ್ತದೆ. ಎಲ್ಲಿ ಮುರಿಯಬೇಕು ಎಂಬುದನ್ನು ಮೊದಲೇ ನಿರ್ಧರಿಸಿ ಇಟ್ಟಿರುವ ಬುದ್ಧಿವಂತಿಕೆ ಅದು. ಮಳೆಗಾಲದಲ್ಲಿ ಗದ್ದೆಯ ಹಾಳಿಗೆ ಕಂಡಿ ಬಿಡುವ ರೈತನದೂ ಅದೇ ಬುದ್ಧಿ. ಇಡೀ ಹಾಳಿ ಒಡೆಯುವುದಕ್ಕಿಂತ ಗೊತ್ತಾದ ಜಾಗದಲ್ಲಿ ನೀರು ಹೊರಳಿ ಹೋಗುವುದು ಲೇಸು.

ವಿದ್ಯುತ್ ಜಾಲದ ಕಥೆ ಇದನ್ನು ಇನ್ನಷ್ಟು ಸ್ಪಷ್ಟಗೊಳಿಸುತ್ತದೆ. 2012ರ ಜುಲೈ 30 ಮತ್ತು 31ರಂದು ಉತ್ತರ ಭಾರತದ ವಿದ್ಯುತ್ ಜಾಲ ಕುಸಿಯಿತು. ಎರಡನೆಯ ದಿನ ಪೂರ್ವ ಮತ್ತು ಈಶಾನ್ಯದ ಜಾಲಗಳೂ ಜೊತೆಯಲ್ಲಿ ಬಿದ್ದು, 60 ಕೋಟಿಗೂ ಹೆಚ್ಚು ಜನರಿರುವ ಪ್ರದೇಶ ಕತ್ತಲಾಯಿತು. ದಕ್ಷಿಣದ ಜಾಲಕ್ಕೆ ಆ ಹೊಡೆತ ತಟ್ಟಲಿಲ್ಲ. ಅದು ಆಗ ಉತ್ತರದೊಡನೆ ಒಂದೇ ತಾಳದಲ್ಲಿ ಬೆಸೆದುಕೊಂಡಿರಲಿಲ್ಲ. ನಡುವೆ ಬೇರೆ ಬಗೆಯ ಕೊಂಡಿಗಳಷ್ಟೇ ಇದ್ದವು. 2013ರ ಡಿಸೆಂಬರ್ 31ರಂದು ರಾಯಚೂರು–ಸೋಲಾಪುರ ಮಾರ್ಗದ ಮೂಲಕ ದಕ್ಷಿಣವೂ ದೇಶದ ಜಾಲಕ್ಕೆ ಪೂರ್ತಿಯಾಗಿ ಸೇರಿತು. ಕೊರತೆಯ ದಿನಗಳಲ್ಲಿ ಇದರಿಂದ ನೆರವು ದೊರೆಯುತ್ತದೆ ಎಂಬುದು ನಿಜ. ಆದರೆ ನೆರವು ಬರುವ ದಾರಿಯಲ್ಲಿಯೇ ಕೇಡೂ ಬರಬಲ್ಲದು. ಆದಕಾರಣ ಬೆಸೆಯುವುದರ ಜೊತೆಗೆ, ಬೇಕಾದಾಗ ಬಿಡಿಸಿಕೊಂಡು ತನ್ನ ಕಾಲ ಮೇಲೆ ನಿಲ್ಲುವ ಏರ್ಪಾಡೂ ಅಷ್ಟೇ ಮುಖ್ಯವಾಗುತ್ತದೆ.

ಹೀಗೆ ನೋಡಿದರೆ ಚೇತರಿಕೆಯ ಶಕ್ತಿಗೆ ಮೂರು ಆಧಾರಗಳು ಕಾಣುತ್ತವೆ: ತುಸು ಹೆಚ್ಚುವರಿ, ಬಗೆಬಗೆಯ ವೈವಿಧ್ಯ, ಮತ್ತು ಒಂದರ ಕೇಡು ಇನ್ನೊಂದಕ್ಕೆ ಹರಡದಂಥ ಅಂತರ. ಈ ಮೂರೂ ಲಾಭದ ಲೆಕ್ಕ ಬರೆಯುವವನ ಕಣ್ಣಿಗೆ ದಂಡದ ಖರ್ಚಾಗಿ ಕಾಣುತ್ತವೆ ಎಂಬಲ್ಲಿಯೇ ಇಂದಿನ ಬಿಕ್ಕಟ್ಟು ಇದೆ.

ಸೊಪ್ಪಿನ ಬೆಟ್ಟವನ್ನೇ ನೋಡಬಹುದು. ಉತ್ತರ ಕನ್ನಡದ ಘಟ್ಟದ ಮೇಲಿನ ತಾಲ್ಲೂಕುಗಳಲ್ಲಿ ಒಂದು ಎಕರೆ ಅಡಿಕೆ ತೋಟಕ್ಕೆ 9 ಎಕರೆಯವರೆಗೆ ಬೆಟ್ಟದ ಸವಲತ್ತು ಕೊಟ್ಟಿದ್ದು ಬ್ರಿಟಿಷರ ಕಾಲದ ವ್ಯವಸ್ಥೆ. ಸೊಪ್ಪು, ದರಕು, ಕಟ್ಟಿಗೆ, ಮೇವು ಅಲ್ಲಿಂದ ಬರುತ್ತಿದ್ದವು. ತೋಟದ ನೆತ್ತಿಯ ನೀರನ್ನೂ ಅದು ಕಾಯುತ್ತಿತ್ತು. ಚೀಲದ ಗೊಬ್ಬರ ಬಂದ ಮೇಲೆ ಬೆಟ್ಟ ಉಪಯೋಗವಿಲ್ಲದ ಜಾಗವೆನಿಸಿತು. ಕೆಲವೆಡೆ ಅದು ಬೋಳಾಯಿತು, ಕೆಲವೆಡೆ ಮಣ್ಣು ತೆಗೆಯುವ ಜಾಗವಾಯಿತು. ತೋಟದ ಮೇಲಿನ ಒರತೆ ಮಾಘದಲ್ಲಿಯೇ ಬತ್ತಿದಾಗ ಕೊಳವೆಬಾವಿ ಕೊರೆಸುವ ಖರ್ಚು ಬಂದಿತು. ಬೆಟ್ಟ ಉಚಿತವಾಗಿ ಮಾಡುತ್ತಿದ್ದ ಕೆಲಸದ ಬೆಲೆ ಆಗ ತಿಳಿಯಿತು.

ಸಿದ್ದಾಪುರ ತಾಲ್ಲೂಕಿನ ಕತ್ತಲೆಕಾನಿನ ರಾಂಪತ್ರೆ ಜಡ್ಡಿಗಳು ಇದೇ ಮಾತನ್ನು ಬೇರೆ ರೀತಿಯಲ್ಲಿ ಹೇಳುತ್ತವೆ. ವರ್ಷವಿಡೀ ಕೆಸರಾಗಿರುವ ಆ ತಗ್ಗುಗಳಲ್ಲಿ ಮರಗಳು ಮೊಣಕಾಲು ಮಡಿಸಿದಂಥ ಉಸಿರುಬೇರುಗಳನ್ನೂ ಊರುಗೋಲಿನಂಥ ಬೇರುಗಳನ್ನೂ ಬಿಟ್ಟು ನಿಂತಿವೆ. ಆಷಾಢದ ಮಳೆಯನ್ನು ಎಲೆಯ ಹಾಸು ಮೆತ್ತಗೆ ಇಳಿಸಿಕೊಳ್ಳುತ್ತದೆ. ಬೇರು, ಎರೆಹುಳು, ಗೆದ್ದಲುಗಳು ಮಾಡಿದ ರಂಧ್ರಗಳ ಮೂಲಕ ನೀರು ಮಣ್ಣಿನೊಳಗೆ ಸರಿಯುತ್ತದೆ. ಜಡ್ಡಿ ಅದನ್ನು ಬೇಸಿಗೆಯಲ್ಲಿ ಸ್ವಲ್ಪ ಸ್ವಲ್ಪವಾಗಿ ಹಳ್ಳಕ್ಕೆ ಬಿಡುತ್ತದೆ. ಅಲ್ಲಿ ಗೇಟೂ ಇಲ್ಲ, ಸರಪಳಿಯೂ ಇಲ್ಲ. ಒಂದು ಮರ ಬಿದ್ದರೆ ಅದರ ಕೆಲಸವನ್ನು ಪಕ್ಕದ ಮರದ ಬೇರು ಮುಂದುವರಿಸುತ್ತದೆ. ಆದರೆ ಇಂಥ ಜಡ್ಡಿಗಳನ್ನು ಕಾಲುವೆ ತೆಗೆದು ಒಣಗಿಸಿ ಗದ್ದೆಯೋ ತೋಟವೋ ಆಗಿಸಿದ್ದೂ ಉಂಟು. ಹಾಗೆ ಒಣಗಿಸಿದ ಜಡ್ಡಿಯನ್ನು ಮರಳಿ ಕಟ್ಟಬಲ್ಲ ಗುತ್ತಿಗೆದಾರ ಯಾವ ಊರಿನಲ್ಲಿಯೂ ಇಲ್ಲ.

ಬೀಜದ ವಿಷಯದಲ್ಲಿ ವೈವಿಧ್ಯದ ಬೆಲೆ ಇನ್ನೂ ನೇರವಾಗಿ ಕಾಣುತ್ತದೆ. ಅಘನಾಶಿನಿಯ ಅಳಿವೆಯ ಗಜನಿ ಭೂಮಿಯಲ್ಲಿ ಉಪ್ಪುನೀರಿಗೆ ಹೆದರದ ಕಗ್ಗ ಭತ್ತವನ್ನೂ, ವರದಾ ನದಿಯ ನೆರೆ ನಿಲ್ಲುವ ಗದ್ದೆಗಳಲ್ಲಿ ನೆರೆಗುಳಿಯನ್ನೂ ರೈತರು ತಲೆತಲಾಂತರದಿಂದ ಕಾಯ್ದು ತಂದರು. ಇಳುವರಿಯ ಸ್ಪರ್ಧೆಯಲ್ಲಿ ಇವು ಹಿಂದೆ ಬೀಳುತ್ತವೆ, ನಿಜ. ಆದರೆ ಒಡಿಶಾದ ರೈತರು ಹೀಗೆಯೇ ಉಳಿಸಿಕೊಂಡು ಬಂದಿದ್ದ ನಾಟಿ ಭತ್ತವೊಂದರಿಂದ ಆಯ್ದ ಎಫ್‌ಆರ್ 13ಎ ಎಂಬ ತಳಿಯಲ್ಲಿಯೇ ಮುಳುಗಡೆ ತಾಳುವ ಗುಣಾಣು ದೊರೆಯಿತು. ಅದನ್ನು ಜನಪ್ರಿಯ ಸ್ವರ್ಣ ತಳಿಗೆ ಸೇರಿಸಿ ರೂಪಿಸಿದ ‘ಸ್ವರ್ಣ ಸಬ್-1’ 2009ರಲ್ಲಿ ಭಾರತದಲ್ಲಿ ಬಿಡುಗಡೆಯಾಯಿತು. ಅದು ಸುಮಾರು ಎರಡು ವಾರ ನೀರಿನಡಿ ಇದ್ದರೂ ಮತ್ತೆ ಚಿಗುರಬಲ್ಲದು. ಪ್ರಯೋಗಾಲಯದ ಜಾಣ್ಮೆ ದೊಡ್ಡದು. ಆದರೆ ಯಾರೋ ಬಡ ರೈತ ‘ಇರಲಿ’ ಎಂದು ಮುಡಿ ಕಟ್ಟಿ ಇಟ್ಟ ಬೀಜವಿಲ್ಲದಿದ್ದರೆ ಆ ಜಾಣ್ಮೆಗೆ ಹಿಡಿಯಲು ಎಳೆಯೇ ಇರುತ್ತಿರಲಿಲ್ಲ.

ಒಂದೇ ಬೆಳೆಯನ್ನು ನೆಚ್ಚಿದವರ ಪಾಡಿಗೆ ನೆರೆಯ ಸಿಂಹಳವೇ ಸಾಕ್ಷಿ. 1869ರಲ್ಲಿ ಅಲ್ಲಿನ ಕಾಫಿಗೆ ಎಲೆತುಕ್ಕು ರೋಗ ಕಾಣಿಸಿಕೊಂಡಿತು. ಬೆಟ್ಟದ ಮೇಲೆ ಬೆಟ್ಟ ಕಾಫಿಯನ್ನೇ ಹೊದ್ದು ಮಲಗಿತ್ತು. ರೋಗಕ್ಕೆ ತಡೆಯೇ ಇರಲಿಲ್ಲ. ಸುಮಾರು 20 ವರ್ಷಗಳಲ್ಲಿ ಅಲ್ಲಿನ ಕಾಫಿ ಉದ್ಯಮ ನೆಲಕಚ್ಚಿ ಚಹಾ ಅದರ ಜಾಗಕ್ಕೆ ಬಂದಿತು. ಅದೇ ರೋಗ ಕೊಡಗು, ಚಿಕ್ಕಮಗಳೂರುಗಳಿಗೂ ಬಂದಿತು. ಮರದ ನೆರಳೇ ಇಲ್ಲಿನ ಕಾಫಿಯನ್ನು ಉಳಿಸಿತೆಂದರೆ ಅತಿಶಯೋಕ್ತಿಯಾದೀತು. ರೋಗ ತಾಳುವ ಹೊಸ ಆಯ್ಕೆಗಳು, ರೊಬಸ್ಟಾ, 1925ರಿಂದ ಬಾಳೆಹೊನ್ನೂರಿನಲ್ಲಿ ನಡೆದುಬಂದ ಸಂಶೋಧನೆ, ತೋಟದೊಳಗಿನ ಮೆಣಸು, ಏಲಕ್ಕಿ, ಕಿತ್ತಳೆ ಎಲ್ಲವೂ ಒಟ್ಟಾಗಿ ಕೈಹಿಡಿದವು. ಹಲವು ಆಸರೆಗಳಿದ್ದುದರಿಂದ ಒಂದು ಕುಸಿದಾಗ ಮನೆ ಕುಸಿಯಲಿಲ್ಲ.

ಇಂದು ಅಡಿಕೆಯ ವಿಷಯದಲ್ಲಿ ಮಲೆನಾಡು ಈ ಪಾಠದ ವಿರುದ್ಧ ದಿಕ್ಕಿಗೆ ನಡೆಯುತ್ತಿದೆ. ಶೃಂಗೇರಿ, ಕೊಪ್ಪದ ಕಡೆ ಹಳದಿ ಎಲೆ ರೋಗ ತೋಟಗಳನ್ನು ದಶಕಗಳಿಂದ ಸೊರಗಿಸಿದೆ; ಈಚಿನ ವರ್ಷಗಳಲ್ಲಿ ಎಲೆಚುಕ್ಕೆ ರೋಗ ಊರಿಂದೂರಿಗೆ ಹಬ್ಬಿದೆ. ಇಷ್ಟರ ನಡುವೆಯೂ ಭತ್ತದ ಗದ್ದೆಗಳು ಅಡಿಕೆ ತೋಟಗಳಾಗುತ್ತಿವೆ. ಗದ್ದೆ ಹೋದಲ್ಲಿ ಅನ್ನವಷ್ಟೇ ಹೋಗುವುದಿಲ್ಲ. ಮಳೆಗಾಲವಿಡೀ ನೀರು ನಿಲ್ಲಿಸಿ ನೆಲಕ್ಕೆ ಉಣಿಸುತ್ತಿದ್ದ ಸಾವಿರಾರು ಪುಟ್ಟ ಕೆರೆಗಳೂ ಹೋಗುತ್ತವೆ. ಧಾರಣೆ ಚೆನ್ನಾಗಿರುವಾಗ ಬೆಳೆಗಾರ ಹೀಗೆ ಮಾಡುವುದು ಸಹಜ. ಕೂಲಿ ದುಬಾರಿಯಾಗಿ, ಕಾಡುಹಂದಿ, ಮಂಗಗಳ ಕಾಟ ಮಿತಿಮೀರಿದಾಗ ಗದ್ದೆ ಮಾಡು ಎಂದು ಬರಿದೇ ಉಪದೇಶಿಸುವುದು ನ್ಯಾಯವೂ ಅಲ್ಲ. ಆದರೆ ಒಂದು ರೋಗ, ಒಂದು ಧಾರಣೆ, ಒಂದು ಕಾನೂನಿನ ಮೇಲೆ ಇಡೀ ಸೀಮೆಯ ಬದುಕು ನೇತಾಡುವಂತಾದರೆ ಆ ಸರಪಳಿಯೂ ಒಂದು ದಿನ ತುಂಡಾಗಬಹುದೆಂಬುದನ್ನು ಮರೆಯಲಾಗದು.

ಇನ್ನು ಗುಡ್ಡಗಳು. 2018ರ ಆಗಸ್ಟ್‌ನಲ್ಲಿ ಕೊಡಗು, 2021ರ ಜುಲೈನಲ್ಲಿ ಯಲ್ಲಾಪುರದ ಕಳಚೆ, 2024ರ ಜುಲೈ 16ರಂದು ಅಂಕೋಲೆಯ ಶಿರೂರು, ಅದೇ ತಿಂಗಳ 30ರಂದು ನೆರೆಯ ವಯನಾಡು ಗುಡ್ಡ ಜಾರಿದ ದುರಂತಗಳನ್ನು ಕಂಡವು. ಎಲ್ಲಕ್ಕೂ ಒಂದೇ ಕಾರಣ ಹೇಳುವುದು ತಪ್ಪು. ಅತಿವೃಷ್ಟಿ ಎಲ್ಲೆಡೆಯೂ ಇತ್ತು. ಆದರೆ ಮಳೆಗೆ ಹೊಣೆ ಹೊರಿಸಿ ಸುಮ್ಮನಾಗುವುದೂ ತಪ್ಪು. ಪಶ್ಚಿಮ ಘಟ್ಟದ ಅನೇಕ ಇಳಿಜಾರುಗಳಲ್ಲಿ ಮೇಲೆ ಜಂಬಿಟ್ಟಿಗೆಯ ಪದರ, ಅದರಡಿ ನೀರು ಕುಡಿದರೆ ಸಡಿಲಾಗುವ ಶೇಡಿ ಮಣ್ಣು. ಗುಡ್ಡದ ಬುಡವನ್ನು ನೇರವಾಗಿ ಕಡಿದರೆ ಮೇಲಿನ ಭಾರಕ್ಕೆ ಆಧಾರ ತಪ್ಪುತ್ತದೆ. ನೀರಿನ ಸಹಜ ದಾರಿಗೆ ಮಣ್ಣು ತುಂಬಿದರೆ ಒಳಗಿನ ಒತ್ತಡ ಏರುತ್ತದೆ. ಸಾಧಾರಣ ಮಳೆಗೆ ಧರೆ ನಿಂತಿತೆಂಬ ಮಾತ್ರಕ್ಕೆ ಅದು ಭದ್ರವಾಗಿದೆ ಎಂದು ತಿಳಿಯಬಾರದು. ಗೆರೆಯ ಹತ್ತಿರ ಬಂದು ನಿಂತಿರಲೂಬಹುದು. ಅಂಥ ಧರೆಗೆ ಕಾಂಕ್ರೀಟಿನ ಗೋಡೆ ಕಟ್ಟಿ ನೀರು ಹೊರಬರಲು ಕಂಡಿ ಬಿಡದಿದ್ದರೆ ಗೋಡೆಯೂ ಗುಡ್ಡದೊಡನೆ ಉರುಳುತ್ತದೆ.

ಚೇತರಿಕೆಯ ಶಕ್ತಿ ಎಂಬ ಮಾತಿಗೆ ಒಂದು ಅಪಾಯವೂ ಅಂಟಿಕೊಂಡಿದೆ. ‘ಮಲೆನಾಡಿಗರು ಗಟ್ಟಿಗರು, ಹೇಗೋ ಎದ್ದು ನಿಲ್ಲುತ್ತಾರೆ’ ಎಂದು ಹೊಗಳಿ ಆಡಳಿತ ತನ್ನ ಹೊಣೆಯಿಂದ ನುಣುಚಿಕೊಳ್ಳಲು ಅದು ನೆಪವಾಗಬಹುದು. ಕಾಡು ಚಿಗುರುತ್ತದೆ ಎಂಬುದು ಕಡಿಯಲು ಪರವಾನಗಿಯಲ್ಲ. ಜನ ಸಹಿಸುತ್ತಾರೆ ಎಂಬುದು ಅವರ ಮೇಲೆ ಇನ್ನಷ್ಟು ಹೇರಲು ಕಾರಣವಲ್ಲ. ಹಾಗೆಯೇ ಹೆಚ್ಚುವರಿಯನ್ನು ಉಳಿಸುವ ಖರ್ಚನ್ನು ಯಾರು ಹೊರಬೇಕು ಎಂಬ ಪ್ರಶ್ನೆಯನ್ನೂ ಮುಚ್ಚಿಡಬಾರದು. ಬೆಟ್ಟ, ಜಡ್ಡಿ, ಕಾನುಗಳನ್ನು ಕಾಯುವವರು ಮೇಲಿನ ಹಳ್ಳಿಯವರು. ಅದರ ನೀರುಣ್ಣುವವರು ಕೆಳಗಿನ ಪಟ್ಟಣದವರು, ಬಯಲಿನವರು. ತುಂಗಭದ್ರೆಯ ಗೇಟುಗಳಿಗೆ ಹಣ ಒದಗಿಸುವುದು ರಾಜ್ಯದ ಕರ್ತವ್ಯವಾಗುವುದಾದರೆ, ಅದೇ ತುಂಗೆ, ಭದ್ರೆಯರ ನೆತ್ತಿಯ ಮಣ್ಣನ್ನು ಹಿಡಿದಿಡುವ ಹಳ್ಳಿಗಳಿಗೆ ನೆರವಾಗುವುದೂ ಕರ್ತವ್ಯವೇ ಆಗಬೇಕು. ಅದನ್ನು ದಾನವೆಂದು ಕರೆಯುವಂತಿಲ್ಲ.

ಹಳ್ಳಿಗಳು ಕಾಯುತ್ತ ಕೂರಬೇಕಾಗಿಯೂ ಇಲ್ಲ. ಯಾವುದೇ ಯೋಜನೆ ಗ್ರಾಮಸಭೆಯ ಮುಂದೆ ಬಂದಾಗ ನಾಲ್ಕು ಪ್ರಶ್ನೆಗಳಿಗೆ ಲಿಖಿತ ಉತ್ತರ ಕೇಳುವ ರೂಢಿ ಬೆಳೆಯಬೇಕು. ಇದು ಕೆಟ್ಟರೆ ಹೇಗೆ ಕೆಡುತ್ತದೆ, ನಿಧಾನವಾಗಿಯೋ ಒಮ್ಮೆಲೇ? ಕೆಟ್ಟಾಗ ಪೆಟ್ಟು ಬೀಳುವುದು ಯಾರ ಮನೆ, ಯಾರ ಗದ್ದೆಯ ಮೇಲೆ? ಬದಲಿ ಏರ್ಪಾಡು ಏನಿದೆ, ಎಲ್ಲಿದೆ? ಇದನ್ನು ಕಟ್ಟಲು ತೆಗೆದುಹಾಕುವ ಬೆಟ್ಟ, ಹಳ್ಳ, ಗದ್ದೆ ಇಲ್ಲಿಯವರೆಗೆ ಯಾವ ಕೆಲಸ ಮಾಡುತ್ತಿತ್ತು? ಊರಿಗೆ ನಳದ ನೀರು ಬಂದ ದಿನವೇ ಹಳೆಯ ಬಾವಿಗೆ ಕಸ ತುಂಬುವ ಊರು ಮೂರನೆಯ ಪ್ರಶ್ನೆಗೆ ತಾನೂ ಉತ್ತರ ಹೇಳಬೇಕಾಗುತ್ತದೆ.

ವಿದ್ಯಾರ್ಥಿಗಳಿಗೂ ಇಲ್ಲಿ ಕೆಲಸವಿದೆ. 2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ಪ್ರತಿ ಪಂಚಾಯತಿಯಲ್ಲಿ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಊರಿನ ಜೀವವೈವಿಧ್ಯದ ದಾಖಲೆ ಸಿದ್ಧವಾಗಬೇಕು. ಅದು ಕಾಗದದ ಶಾಸ್ತ್ರವಾಗಿ ಮುಗಿಯದಂತೆ ನೋಡಿಕೊಳ್ಳಬಲ್ಲವರು ಊರಿನ ಹುಡುಗ ಹುಡುಗಿಯರು. ಯಾವ ಒರತೆ ಯಾವ ತಿಂಗಳವರೆಗೆ ಹರಿಯುತ್ತದೆ, ಯಾವ ಮನೆಯಲ್ಲಿ ಯಾವ ಭತ್ತದ ಬೀಜ ಇನ್ನೂ ಉಳಿದಿದೆ, ಯಾವ ಧರೆಯಲ್ಲಿ ಬಿರುಕು ಕಂಡಿದೆ, ಯಾವ ಜಡ್ಡಿಯ ಅಂಚು ಒಣಗುತ್ತಿದೆ ಎಂಬುದನ್ನು ವರ್ಷ ವರ್ಷವೂ ಬರೆದಿಟ್ಟರೆ, ಗೆರೆ ಎಲ್ಲಿದೆ ಎಂಬುದು ದಾಟುವ ಮೊದಲೇ ತಿಳಿದೀತು.

ಮಳೆ ಇನ್ನು ಮುಂದೆ ಹಳೆಯ ಲೆಕ್ಕಕ್ಕೆ ಸಿಗದು. ಸುರಿದರೆ ಒಮ್ಮೆಲೇ, ತಪ್ಪಿದರೆ ತಿಂಗಳುಗಟ್ಟಲೆ ಎಂಬ ಕಾಲದಲ್ಲಿ ಪ್ರತಿ ಪೆಟ್ಟನ್ನೂ ತಡೆಯುವ ಗೋಡೆಯನ್ನು ಯಾವ ಸರಕಾರವೂ ಕಟ್ಟಲಾರದು. ಪೆಟ್ಟು ಬಿದ್ದ ಮೇಲೆ ಊರು ಯಾವುದನ್ನು ಹಿಡಿದುಕೊಂಡು ಮೇಲೇಳಬೇಕು ಎಂಬುದನ್ನು ಈಗಲೇ ಯೋಚಿಸಬೇಕಾಗಿದೆ. ಬೆಟ್ಟದಲ್ಲಿ ಮಣ್ಣು, ಮುಡಿಯಲ್ಲಿ ಬೀಜ, ಜಡ್ಡಿಯಲ್ಲಿ ನೀರು, ಊರಿನಲ್ಲಿ ಒಟ್ಟಾಗಿ ಕುಳಿತು ಮಾತಾಡುವ ರೂಢಿ ಇವಿಷ್ಟು ಉಳಿದಿದ್ದರೆ ಮುಂದಿನ ದುರ್ದಿನವನ್ನು ದಾಟುವ ದಾರಿ ಉಳಿದಿರುತ್ತದೆ. ಇವು ಉಳಿಯಬೇಕಾದರೆ, ಮಳೆಗಾಲ ಹಿಡಿಯುವ ಮೊದಲೇ ಪ್ರತಿ ಊರಿನ ಗ್ರಾಮಸಭೆ ಸೇರಬೇಕು, ಆ ನಾಲ್ಕು ಪ್ರಶ್ನೆಗಳು ಅದರ ನಡಾವಳಿಯಲ್ಲಿ ದಾಖಲಾಗಬೇಕು.